ನೂರ ಎಂಬತ್ತಾರರಲ್ಲಿ ಒಂದು

೩ ಡಿಸೆಂಬರ್ ೨೦೧೮, ಸೋಮವಾರ

ಇದನ್ನು ಪಕ್ಷದ ನಡಾವಳಿ ಪುಸ್ತಕದಲ್ಲಿ ಬರೆಯುವಂತಿಲ್ಲ. ಆ ಪುಸ್ತಕವನ್ನು ಹಾಯೆನ್‌ನ ಜಿಲ್ಲಾ ಕಚೇರಿಯವರು ತಿರುವಿ ನೋಡುತ್ತಾರೆ, ಅದರಲ್ಲಿ ಬೈಗುಳ ಇರಬಾರದು. ಆಲಿವ್ ಎಣ್ಣೆ ಸೊಸೈಟಿಯವರು ಪುಕ್ಕಟೆ ಹಂಚಿದ ಈ ಡೈರಿ ಹನ್ನೊಂದು ತಿಂಗಳಿಂದ ಖಾಲಿ ಬಿದ್ದಿತ್ತು. ತಾರೀಕು ನಾನೇ ಹಾಕಿಕೊಳ್ಳುತ್ತೇನೆ. ಬರೆಯದಿದ್ದರೆ ಯಾರನ್ನಾದರೂ ಹೊಡೆಯುತ್ತೇನೆ. ವಯಸ್ಸು ಎಪ್ಪತ್ತಮೂರು, ಹೊಡೆದರೆ ಮುರಿಯುವುದು ನನ್ನ ಕೈಯೇ.

ನಿನ್ನೆ ನಮ್ಮ ಆಂಡಲೂಸಿಯಾ ಪ್ರಾಂತ್ಯದ ಚುನಾವಣೆ. ಮೂವತ್ತಾರು ವರ್ಷ ಗುಲಾಬಿ ಗುರುತಿನ ಸಮಾಜವಾದಿಗಳಾದ ನಾವೇ ಆಳಿದ ನಾಡು. ಬೆಳಿಗ್ಗೆ ಟಿ.ವಿ.ಯಲ್ಲಿ ಹೇಳುತ್ತಿದ್ದಾರೆ, ಮೊದಲ ಸ್ಥಾನ ನಮ್ಮದೇ ಅಂತೆ, ಆದರೆ ಬಲಪಂಥದ ಮೂರೂ ಪಕ್ಷ, ಕಡಲಹಕ್ಕಿ ಗುರುತಿನವರು, ಕಿತ್ತಳೆಯವರು, ಹಸಿರಿನವರು, ಕೈ ಸೇರಿಸಿದರೆ ಕುರ್ಚಿ ಅವರದ್ದು. ಆ ಮೂರರಲ್ಲಿ ತೀರ ತುದಿಯಲ್ಲಿರುವ ಹಸಿರಿನವರಿಗೆ ಹನ್ನೆರಡು ಸೀಟು. ನಿನ್ನೆಯವರೆಗೆ ಸೊನ್ನೆ ಇದ್ದವರು. ಟಿ.ವಿ.ಯವನು ಅದನ್ನು ಹವಾಮಾನ ಹೇಳಿದ ಹಾಗೆ ಹೇಳಿದ. ನಾನು ಬೂಟು ಎಸೆಯಲಿಲ್ಲ, ಹೆಂಡತಿ ಕಾಸಿಲ್ದಾ ಬೂಟನ್ನು ಮೊದಲೇ ತೆಗೆದಿಟ್ಟಿದ್ದಳು.

ಆದರೆ ನನಗೆ ಅದಲ್ಲ. ರಾಜಧಾನಿ ಸೆವಿಲ್ಯಾದಲ್ಲಿ ಏನು ಬೇಕಾದರೂ ಆಗಲಿ. ನನಗೆ ನಮ್ಮೂರು.

ನಮ್ಮದು ಒಂದೇ ಬೂತು, ಶಾಲೆಯ ಹಾಲ್. ಒಂದೊಂದು ಪಕ್ಷಕ್ಕೂ ಬೇರೆ ಬೇರೆ ಚೀಟಿ, ಬೇಕಾದ್ದನ್ನು ಲಕೋಟೆಗೆ ಹಾಕಿ ಪೆಟ್ಟಿಗೆಗೆ ಬಿಡುವುದು. ನಲವತ್ತೊಂದು ವರ್ಷದಿಂದ ಗುಲಾಬಿಯ ಏಜೆಂಟ್ ಆಗಿ ಆ ಮೇಜಿನ ಪಕ್ಕ ಕೂತವನು ನಾನು. ಎಣಿಕೆ ಶುರುವಾದರೆ ನನಗೆ ಕಾಗದ ಪೆನ್ನು ಬೇಡ. ಯಾವ ಮನೆಯ ವೋಟು ಎಲ್ಲಿ ಬೀಳುತ್ತದೆಂದು ಲಕೋಟೆ ಒಡೆಯುವ ಮೊದಲೇ ಗೊತ್ತು. ಈ ಸಲ ಚೀಟಿ ಎತ್ತಿದಾಗ ಮೇಜಿನ ಅಧ್ಯಕ್ಷಗಿರಿ ಶಾಲೆಯ ಹೊಸ ಟೀಚರಮ್ಮನಿಗೆ ಬಂದಿತ್ತು. ಆಕೆ ಒಂದೊಂದೇ ಲಕೋಟೆ ಒಡೆದು, ಪಕ್ಷದ ಹೆಸರು ಗಟ್ಟಿಯಾಗಿ ಓದಿ, ನಮಗೆ ತೋರಿಸಿ ಗುಡ್ಡೆಗೆ ಹಾಕುತ್ತಿದ್ದಳು. ಗುಲಾಬಿ, ಗುಲಾಬಿ, ಕಡಲಹಕ್ಕಿ, ಗುಲಾಬಿ. ಆ ಮೇಲೆ ಹಸಿರಿನವರ ಹೆಸರು ಓದಿದಳು.

"ಇನ್ನೊಂದ್ಸಲ ಓದಮ್ಮ" ಎಂದೆ.

ಓದಿದಳು. ಅದೇ.

ಒಟ್ಟು ನೂರ ಎಂಬತ್ತಾರು. ನಮಗೆ ನೂರ ಮೂವತ್ತೊಂದು, ಹಕ್ಕಿಗೆ ಮೂವತ್ತೇಳು, ಎಡಪಂಥದ ನೇರಳೆಯವರಿಗೆ ಹನ್ನೊಂದು, ಕಿತ್ತಳೆಯವರಿಗೆ ಆರು. ಹಸಿರು, ಒಂದು. ಹಕ್ಕಿಯ ಮೂವತ್ತೇಳು ಜನರ ಹೆಸರು ನಾನು ಒಂದೇ ಉಸಿರಿಗೆ ಹೇಳಬಲ್ಲೆ, ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಅಪ್ಪಂದಿರೂ ಹಾಗೇ ಇದ್ದರು. ಆದರೆ ಈ ಒಂದು. ಎಣಿಕೆ ಮುಗಿದ ಮೇಲೆ ಚೀಟಿಗಳನ್ನೆಲ್ಲ ಹಿತ್ತಲಲ್ಲಿ ಸುಟ್ಟರು. ಕಾನೂನು ಹಾಗಿದೆ. ಅದೂ ಉರಿದುಹೋಯಿತು.

ಶನಿವಾರ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅರವತ್ತೊಂದು ಲಕೋಟೆ ಮಾಡಿದ್ದೆ. ಯಾವತ್ತೂ ಮಾಡುವ ಹಾಗೆ ಗುಲಾಬಿಯ ಚೀಟಿ ಮಡಚಿ, ಒಳಗೆ ಹಾಕಿ, ಅಂಟಿಸಿ, ಮುದುಕರಿಗೆ, ಕಣ್ಣು ಕಾಣದವರಿಗೆ, ಮರೆವಿನವರಿಗೆ ಮನೆಮನೆಗೆ ಕೊಟ್ಟುಬಂದಿದ್ದೆ. ಮೊದಲನೆಯದು ಎಂದಿನ ಹಾಗೆ ಕಾಸಿಲ್ದಾಳದ್ದು, ಅವಳ ಕಾಫಿ ಬಟ್ಟಲಿನ ಕೆಳಗೆ. ಆ ಅರವತ್ತೊಂದು ಭದ್ರ. ಆದ್ದರಿಂದ ಇದು ಹೊರಗಿನದು.

ಯಾರು?


೪ ಡಿಸೆಂಬರ್, ಮಂಗಳವಾರ

ಕ್ರಿಸಾಂತೊ.

ನಿನ್ನೆ ಇಡೀ ದಿನ ಬೇರೆ ಬೇರೆ ಹೆಸರು ಹಿಡಿದು ನೋಡಿದೆ. ಬಾರಿನ ಹಿಲಾರಿಯೊ ಬೇಟೆಗೆ ಹೋಗುತ್ತಾನೆ, ಬೇಟೆಯವರೆಲ್ಲ ಹಸಿರಿನ ಕಡೆ ಹೊರಳಿದ್ದಾರೆ ಎನ್ನುತ್ತಾರೆ. ಆದರೆ ಹಿಲಾರಿಯೊ ಹಾಕಿದ್ದರೆ ಹಾಕಿದೆ ಎಂದು ಗೋಡೆಗೆ ಬರೆದುಕೊಳ್ಳುವ ಪೈಕಿ. ಕ್ರಿಸಾಂತೊ ಹಾಗಲ್ಲ.

ನಮ್ಮೂರಲ್ಲಿ ಬೂತಿನ ಪರದೆ ಎಳೆಯುವವರಿಲ್ಲ. ಕಾನೂನಿಗಾಗಿ ಆ ಮೂಲೆಯಲ್ಲಿ ಒಂದು ಮರೆ ನಿಲ್ಲಿಸಿರುತ್ತಾರೆ, ಅಷ್ಟೆ. ಎಲ್ಲರೂ ಎಲ್ಲರ ಎದುರೇ ಮೇಜಿನ ಗುಡ್ಡೆಯಿಂದ ಚೀಟಿ ಎತ್ತುತ್ತಾರೆ, ಇಲ್ಲವೇ ಮನೆಯಿಂದಲೇ ತರುತ್ತಾರೆ. ನಲವತ್ತೊಂದು ವರ್ಷದಲ್ಲಿ ಆ ಪರದೆ ಎಳೆದವರನ್ನು ನಾನು ನೋಡಿಲ್ಲ. ಭಾನುವಾರ ಹನ್ನೊಂದು ಗಂಟೆಗೆ ಕ್ರಿಸಾಂತೊ ಎಳೆದ. ಒಳಗೆ ಹೋಗಿ ಎಷ್ಟೋ ಹೊತ್ತು ಇದ್ದ. ಹೊರಗೆ ಬಂದಾಗ ನನ್ನ ಕಡೆ ನೋಡಲಿಲ್ಲ.

ನನ್ನ ಕ್ರಿಸಾಂತೊ. ಊರಿನ ಕ್ಷೌರಿಕ. ೭೭ರಲ್ಲಿ, ಸರ್ವಾಧಿಕಾರಿ ಸತ್ತ ಮೇಲಿನ ಮೊದಲ ಚುನಾವಣೆಗೆ, ನಾವಿಬ್ಬರೇ ಸುಣ್ಣದ ಬಕೆಟ್ ಹಿಡಿದು ಈ ಊರಿನ ಗೋಡೆ ತುಂಬ ಗುಲಾಬಿ ಬರೆದದ್ದು.

ಕಾಸಿಲ್ದಾಗೆ ಹೇಳಿದೆ. "ನಿನಗೆ ಹೇಗೆ ಗೊತ್ತು ಅವನೇ ಅಂತ?" ಎಂದಳು. ಪರದೆ ಎಳೆದದ್ದು ಮತ್ತೆ ಯಾಕೆ ಎಂದೆ. "ಏನೋ ಇರ್ಬೋದು" ಎಂದು ಹೆಂಚಿನ ಕಡೆ ತಿರುಗಿದಳು. ಹೆಂಗಸರಿಗೆ ರಾಜಕೀಯದ ಆಳ ಗೊತ್ತಾಗುವುದಿಲ್ಲ.


೯ ಡಿಸೆಂಬರ್, ಭಾನುವಾರ

ಕೇಳಿಬಿಟ್ಟೆ. ಹಿಲಾರಿಯೊನ ಬಾರಿನಲ್ಲಿ, ಹತ್ತು ಜನರ ಎದುರು. ಹತ್ತು ಜನರ ಎದುರೇ ಕೇಳಬೇಕೆಂದಿದ್ದೆ.

ಅವನು ಕಿಟಕಿ ಪಕ್ಕ ಕೂತಿದ್ದ. ಡೊಮಿನೊ ಆಡಲು ಕರೆದರೆ ಈಚೆಗೆ ಬರುವುದಿಲ್ಲ. ಚಳಿ ಎಂದು ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಆಟ ನೋಡುತ್ತಾನೆ.

"ಏನೋ ಕ್ರಿಸಾಂತೊ, ಪರದೆ ಹಿಂದೆ ಬೆಚ್ಚಗಿತ್ತಾ?" ಎಂದೆ.

"ನೀನೂ ಒಂದ್ಸಲ ಹೋಗಿ ನೋಡು. ಒಬ್ಬನೇ ಇರೋದು ಹೇಗಿರುತ್ತೆ ಅಂತ ಗೊತ್ತಾಗುತ್ತೆ."

"ಯಾರಿಗೆ ಹಾಕ್ದೆ?"

"ಹೇಳಲ್ಲ."

"ಹೇಳೋಕೆ ಏನು ಕಷ್ಟ?"

"ಕಷ್ಟ ಏನಿಲ್ಲ. ಹೇಳಲ್ಲ ಅಷ್ಟೇ. ೭೭ರಲ್ಲಿ ನಾವು ಸುಣ್ಣ ಮೆತ್ತಿಕೊಂಡು ಓಡಾಡಿದ್ದು ಇದಕ್ಕೇ ಅಲ್ವೇನೋ, ಯಾರೂ ಯಾರಿಗೂ ಹೇಳ್ಬೇಕಾಗಿಲ್ಲ ಅಂತ?"

"ಗುಲಾಬಿಗೆ ಹಾಕಿದೆ ಅಂತ ಒಂದು ಮಾತು ಹೇಳು. ನಾನು ನಂಬ್ತೀನಿ."

ಅವನು ಗ್ಲಾಸು ನೋಡಿದ. ಹಿಲಾರಿಯೊ ಕೌಂಟರಿನಿಂದಲೇ, "ಹೇಳ್ಬಿಡೋ ಮಾರಾಯ, ಇಲ್ಲಾಂದ್ರೆ ಈ ಮುದುಕ ನನ್ನ ಬಾರಿನಲ್ಲೇ ಹಾರ್ಟ್ ಒಡೆದು ಸಾಯ್ತಾನೆ. ಆಮೇಲೆ ಶವ ನಾನು ಹೊರಬೇಕು" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆ ಮೇಲೆ ನಾನು ಅಂದದ್ದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಅಂದಿದ್ದೇನೆ. "ಅಂತರ್ಯುದ್ಧದಲ್ಲಿ ನಿನ್ನ ತಾತನಿಗೆ ಗುಂಡಿಕ್ಕಿದ ಗೋಡೆ ಇಲ್ಲಿಂದ ಇನ್ನೂರು ಹೆಜ್ಜೆ. ಆ ಗುಂಡು ಹಾರಿಸಿದವರ ಮೊಮ್ಮಕ್ಕಳಿಗೆ ವೋಟು ಕೊಟ್ಟು ಬಂದು ಇಲ್ಲಿ ಕೂತು ಕುಡೀತೀಯಲ್ಲ, ಗಂಟಲಲ್ಲಿ ಇಳಿಯುತ್ತಾ?" ಎಂದೆ.

 ಕ್ರಿಸಾಂತೊ ಎದ್ದ. ಗ್ಲಾಸು ಅರ್ಧ ಹಾಗೇ ಇತ್ತು. ಬಾಗಿಲ ಹತ್ತಿರ ನಿಂತು, "ಮೆಲ್ಚೋರ್, ನಿನಗೆ ಅಕ್ಷರ ಕಲಿಸಿದ್ದು ನಾನು. ಇದಕ್ಕಲ್ಲ" ಎಂದು ಹೋದ.

ಒಪ್ಪಿಕೊಂಡ ಹಾಗೇ ಆಯಿತು. ಮಾಡದವನು ಮಾಡಿಲ್ಲ ಎನ್ನುತ್ತಾನೆ.


೨೨ ಡಿಸೆಂಬರ್, ಶನಿವಾರ

ಆಲಿವ್ ಕೊಯ್ಲು. ಸೊಂಟ ಇಲ್ಲ. ಬರೆಯಲು ಶಕ್ತಿ ಇಲ್ಲ.

ಕ್ರಿಸಾಂತೊನ ಅಂಗಡಿಯ ಮುಂದೆ ಹಾದು ಬಂದೆ. ಪ್ರತಿ ವರ್ಷ ಕ್ರಿಸ್‌ಮಸ್ ಹಬ್ಬದ ಮುಂಚಿನ ಶನಿವಾರ ಅಲ್ಲಿ ಬೆಂಚು ಸಾಲದೆ ಜನ ಹೊರಗೆ ನಿಲ್ಲುತ್ತಿದ್ದರು. ಇವತ್ತು ಒಬ್ಬನೂ ಇರಲಿಲ್ಲ. ಅವನು ಕುರ್ಚಿಯಲ್ಲಿ ತಾನೇ ಕೂತು ರೇಡಿಯೊ ಕೇಳುತ್ತಿದ್ದ.

ಆಗಲಿ.


೧೬ ಜನವರಿ ೨೦೧೯, ಬುಧವಾರ

ಇವತ್ತು ಸೆವಿಲ್ಯಾದಲ್ಲಿ ಪ್ರಾಂತ್ಯದ ಹೊಸ ಅಧ್ಯಕ್ಷನನ್ನು ಆರಿಸಿದರು. ಹಕ್ಕಿಯವನು. ಹಸಿರಿನ ಹನ್ನೆರಡು ಕೈಗಳೂ ಮೇಲೆದ್ದವು. ಮೂವತ್ತಾರು ವರ್ಷ ಅರ್ಧ ದಿನದಲ್ಲಿ ಮುಗಿಯಿತು. ಜನರ ಮನೆಯಲ್ಲಿ, ಅಂದರೆ ನಮ್ಮ ಪಕ್ಷದ ಆಫೀಸಿನಲ್ಲಿ, ಏಳು ಜನ ಟಿ.ವಿ. ಮುಂದೆ ಕೂತಿದ್ದೆವು. ಮೇಯರ್ ನೋಯೆಲಿಯಾ ಅತ್ತಳು. ಮೂವತ್ತನಾಲ್ಕು ವರ್ಷದ ಹುಡುಗಿ, ಅವಳು ಹುಟ್ಟಿದಾಗಿನಿಂದ ಬೇರೆ ಯಾರೂ ಆಳಿದ್ದನ್ನು ನೋಡಿಲ್ಲ. ನನಗೆ ಅಳು ಬರಲಿಲ್ಲ. ಸಾವಿನ ಮನೆಯಲ್ಲಿ ಕಾಫಿ ಕೊಟ್ಟರೆ ಕುಡಿಯುತ್ತೇವಲ್ಲ, ಹಾಗೆ ಕೂತಿದ್ದೆ.

ಬರುವಾಗ ಹಿಲಾರಿಯೊ ಸಿಕ್ಕಿದ. ತಲೆ ನೀಟಾಗಿತ್ತು. ಪಕ್ಕದೂರಿಗೆ ಹೋಗಿ ಮಾಡಿಸಿಕೊಂಡನಂತೆ. "ನೀವು ತಾನೇ ಹೇಳಿದ್ದು ಮಾಮ, ಹಸಿರಿನವನ ಕತ್ತರಿಗೆ ಕತ್ತು ಕೊಡಬೇಡಿ ಅಂತ" ಎಂದ. ಹಾಗೆ ಹೇಳಿದ ನೆನಪಿಲ್ಲ. ಹೇಳಿರಬಹುದು.

ನನ್ನ ಕೂದಲು ಕಿವಿ ಮುಚ್ಚಿದೆ. ಕಾಸಿಲ್ದಾ ಕತ್ತರಿ ಹಿಡಿದು ಬಂದಳು, ಬೇಡ ಎಂದೆ. ಐವತ್ತು ವರ್ಷದಿಂದ ಈ ತಲೆಯನ್ನು ಬೇರೆ ಯಾರೂ ಮುಟ್ಟಿಲ್ಲ.


೩ ಫೆಬ್ರವರಿ, ಭಾನುವಾರ

ಅಂಗಡಿಯ ಕಿಟಕಿಗೆ 'ಮಾರಾಟಕ್ಕಿದೆ' ಎಂದು ಬೋರ್ಡು ಹಾಕಿದ್ದಾನೆ. ಅಕ್ಷರ ಅವನದ್ದಲ್ಲ, ಯಾರ ಕೈಯಲ್ಲೋ ಬರೆಸಿದ್ದು. ಮಾರ್ಚ್ ಕೊನೆಗೆ ದೂರದ ತೆರ್ರಾಸಾದಲ್ಲಿರುವ ಮಗಳ ಮನೆಗೆ ಹೋಗುತ್ತಾನಂತೆ. ಊರೆಲ್ಲ ನನ್ನ ಬೆನ್ನು ತಟ್ಟುತ್ತಿದೆ, ಓಡಿಸಿಬಿಟ್ಟೆ ಎಂದು.

೧೯೭೫ರಲ್ಲಿ ನನಗೆ ಮೂವತ್ತು, ಹೆಸರು ಬರೆಯಲು ಬರುತ್ತಿರಲಿಲ್ಲ. ಒಂಬತ್ತಕ್ಕೆ ಶಾಲೆ ಬಿಟ್ಟು ಹಂದಿ ಮೇಯಿಸಲು ಹೋದವನು. ಅವನ ಅಂಗಡಿ ಮುಚ್ಚಿದ ಮೇಲೆ ಒಳಗೆ ಕೂತು, ಕನ್ನಡಿಯ ಮೇಲೆ ಸೋಪಿನ ನೊರೆಯಲ್ಲಿ ಬೆರಳಿನಿಂದ ಅಕ್ಷರ ಬರೆದು ತೋರಿಸುತ್ತಿದ್ದ. ಕಾಗದ ಉಳಿಯುತ್ತಿತ್ತು. ಪೊಲೀಸರು ಬಂದರೆ ಒರೆಸಿದರಾಯಿತು. ನಾನು ಮೊದಲು ಬರೆದ ಪೂರ್ತಿ ಪದ 'ವೋಟು'. ಆಗಿನ್ನೂ ಸರ್ವಾಧಿಕಾರಿಯ ಕಾಲ, ವೋಟೆಂಬುದೇ ಇರಲಿಲ್ಲ.

ಅವನು ಒಂದು ಸಲ ಇಲ್ಲ ಅಂದಿದ್ದರೆ ಸಾಕಿತ್ತು. ಯಾಕೆ ಅನ್ನಲಿಲ್ಲ?


೧೫ ಫೆಬ್ರವರಿ, ಶುಕ್ರವಾರ

ಮಧ್ಯಾಹ್ನ ಮಾದ್ರಿದ್‌ನಿಂದ ಸುದ್ದಿ ಬಂತು. ಪ್ರಧಾನಿ ದೇಶದ ಚುನಾವಣೆ ಕರೆದ, ಏಪ್ರಿಲ್ ೨೮ಕ್ಕೆ. ನೋಯೆಲಿಯಾ ಫೋನು ಮಾಡಿ, "ಮೆಲ್ಚೋರ್ ಮಾಮ, ಲಕೋಟೆ ಲಿಸ್ಟು ತಯಾರು ಮಾಡ್ಕೊಳ್ಳಿ, ಈ ಸಲ ನೂರು ಆಗ್ಬೇಕು" ಎಂದಳು. ನಾನು ಹಳೆಯ ಲಿಸ್ಟು ತೆಗೆದು ಅಡುಗೆಮನೆ ಮೇಜಿನ ಮೇಲೆ ಹರಡಿದೆ. ಮೊದಲ ಹೆಸರು ಎಂದಿನ ಹಾಗೆ, ಕಾಸಿಲ್ದಾ.

ಅವಳು ಎದುರು ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತದೆ ಅಂದಳು, "ನಂದು ಮಾಡ್ಬೇಡ."

"ಯಾಕೆ?"

"ನಂದು ನಾನು ಮಾಡ್ಕೋತೀನಿ."

"ಹೋದ ಸಲ ನಾನು ಮಾಡಿಕೊಟ್ಟದ್ದಕ್ಕೆ ಏನಾಗಿತ್ತು?"

"ಒಲೆಗೆ ಹಾಕ್ದೆ."

ನನಗೆ ಅರ್ಥವಾಗಲಿಲ್ಲ. ನಿಜವಾಗಿ ಅರ್ಥವಾಗಲಿಲ್ಲ. ಒಲೆಗೆ ಹಾಕಿದರೆ ಪೆಟ್ಟಿಗೆಗೆ ಏನು ಹಾಕಿದೆ ಎಂದು ಕೇಳಿದೆ. ಅವಳು ಬೆಳ್ಳುಳ್ಳಿ ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಮುಖ ನೋಡಿದಳು.

"ಆ ಒಂದು ನಂದು, ಮೆಲ್ಚೋರ್."

ಅವಳು ತಮಾಷೆ ಮಾಡುವವಳಲ್ಲ. ಆದರೂ ತಮಾಷೆ ಇರಬೇಕೆಂದು ನಾನು ಕಾದೆ. ಮೇಜಿನ ಮೇಲಿನ ಲಿಸ್ಟಿನಲ್ಲಿ ಅವಳ ಹೆಸರನ್ನು ಎರಡು ಸಲ ಓದಿದೆ, ಬೇರೆ ಯಾರದೋ ಹೆಸರೇನೋ ಎನ್ನುವ ಹಾಗೆ.

"ಯಾವಾಗ?"

"ಎರಡು ಗಂಟೆಗೆ. ನಿನಗೆ ಆಮ್ಲೆಟ್ಟು ಬ್ರೆಡ್ಡು ಕಟ್ಟಿ ಕಳ್ಸಿದ್ನಲ್ಲ, ಅದನ್ನ ನೀನು ಶಾಲೆ ಹಿತ್ತಲಲ್ಲಿ ಕೂತು ತಿಂತಿದ್ದೆ."

"ಎಲ್ಲರ ಎದುರು?"

"ಟೀಚರಮ್ಮ ಫೋನ್ ನೋಡ್ತಿದ್ಲು. ಮೇಜಿನ ಉಳಿದಿಬ್ಬರು ಹಣ್ಣು ಸುಲೀತಿದ್ರು. ನನ್ನ ಯಾರು ನೋಡ್ತಾರೆ? ನಾನು ಮೆಲ್ಚೋರ್ ಹೆಂಡ್ತಿ."

"ಅವರಿಗೇ ಯಾಕೆ? ಹಕ್ಕಿಗೆ ಹಾಕಬಾರದಿತ್ತಾ? ನೇರಳೆಗೆ ಹಾಕಬಾರದಿತ್ತಾ? ಅವರು ಏನು ಅಂತಾರೆ ಗೊತ್ತಾ ನಿನಗೆ? ನಿನ್ನಂಥ ಹೆಂಗಸರ ಬಗ್ಗೆ ಏನು ಅಂತಾರೆ?"

"ಗೊತ್ತು. ಟಿ.ವಿ. ನಾನೂ ನೋಡ್ತೀನಿ, ನೀನು ಬಯ್ಯೋದನ್ನ ನಿಲ್ಸಿದಾಗ." ಬೆಳ್ಳುಳ್ಳಿ ಸಿಪ್ಪೆಯನ್ನು ಒಂದು ಕಡೆ ಒಟ್ಟುತ್ತ ಮುಂದುವರಿಸಿದಳು. "ನಾನು ಗುಲಾಬಿಗೇ ಹಾಕೋಣ ಅಂತ ಹೋಗಿದ್ದು. ನನ್ನ ಕೈಯಾರೆ ಎತ್ತಿ ಹಾಕೋಣ ಅಂತ. ಮೇಜಿನ ಮುಂದೆ ನಿಂತೆ. ಗುಲಾಬಿ ಗುಡ್ಡೆ ಮುಟ್ಟಿ ಮುಟ್ಟಿ ಕೆದರಿ ಹೋಗಿತ್ತು. ಆ ಕೊನೇಲಿ ಒಂದು ಗುಡ್ಡೆ, ಯಾರೂ ಮುಟ್ಟಿರಲಿಲ್ಲ, ಕಟ್ಟು ಬಿಚ್ಚಿದ ಹಾಗೇ ನೆಟ್ಟಗೆ ನಿಂತಿತ್ತು. ಗುಲಾಬಿ ಎತ್ತಿದ್ರೆ ಅದು ನಂದೋ ನಿಂದೋ ನನಗೇ ಗೊತ್ತಾಗಲ್ಲ ಅನ್ನಿಸ್ತು. ಇದಾದ್ರೆ ನಿಂದಂತೂ ಅಲ್ಲ."

"ಅಷ್ಟಕ್ಕೇ?"

"ನಲವತ್ತೊಂದು ವರ್ಷ, ಮೆಲ್ಚೋರ್. ಒಂದು ಸಲನೂ ಚೀಟಿ ಮಡಚೋದು ಹೇಗೆ ಅಂತ ನಾನು ನೋಡಿಲ್ಲ. ನೀನು ಊರಿಗೆಲ್ಲ ಭಾಷಣ ಮಾಡ್ತಿದ್ದೆ, ನಿಮ್ಮ ವೋಟು ನಿಮ್ಮ ಹಕ್ಕು ಅಂತ. ನಾನು ಹಿಂದೆ ಕೂತು ಕೇಳ್ತಿದ್ದೆ, ಕೈಚೀಲದಲ್ಲಿ ನಿನ್ನ ಲಕೋಟೆ ಇಟ್ಕೊಂಡು."

ನಾನು ಏನೋ ಹೇಳಿದೆ. ಅದನ್ನು ಬರೆಯುವುದಿಲ್ಲ. ಅವಳು ಬೆಳ್ಳುಳ್ಳಿ ಎತ್ತಿಕೊಂಡು ಮತ್ತೆ ಸುಲಿಯತೊಡಗಿದಳು.


೧೬ ಫೆಬ್ರವರಿ, ಶನಿವಾರ

ಕ್ರಿಸಾಂತೊ ಅಲ್ಲ.


೧೯ ಫೆಬ್ರವರಿ, ಮಂಗಳವಾರ

ಮೂರು ದಿನ ನಾವು ಮಾತಾಡಿಲ್ಲ. ಅವಳು ಬಿಟ್ಟಳು ಎಂದಲ್ಲ, ನಾನು ಬಿಟ್ಟೆ. ಅವಳು ಮಾಡಿದ ಕಾಫಿ ಕುಡಿಯಬಾರದೆಂದು ನಾನೇ ಮಾಡಿಕೊಂಡೆ. ಡಿಕಾಕ್ಷನ್ ಸುಟ್ಟುಹೋಗಿ ಮನೆಯೆಲ್ಲ ವಾಸನೆ. ಇವತ್ತು ಪರವಾಗಿಲ್ಲ, ಎರಡು ಬಟ್ಟಲು ಆಗುವಷ್ಟು ಬಂತು. ಒಂದನ್ನು ಚೆಲ್ಲುವುದೇಕೆಂದು ಅವಳ ಮುಂದಿಟ್ಟೆ. ಕುಡಿದಳು.

ಬಟ್ಟಲು ತೊಳೆಯುತ್ತ ಅವಳೇ ಹೇಳಿದಳು, ಬಾರಿನಲ್ಲಿ ನಾನು ಕೂಗಾಡಿದ ಮರುದಿನವೇ ಕ್ರಿಸಾಂತೊನ ಅಂಗಡಿಗೆ ಹೋಗಿ ಎಲ್ಲ ಹೇಳಿಬಿಟ್ಟಳಂತೆ. ಡಿಸೆಂಬರ್ ಹತ್ತಕ್ಕೇ. ಎರಡು ತಿಂಗಳಿಂದ ಊರಿನಲ್ಲಿ ಇಬ್ಬರಿಗೆ ಗೊತ್ತು. ನಾನು ಮೂರನೆಯವನು. ನಾನು.

"ಮತ್ತೆ ಅವನು ಯಾಕೆ ಬಾಯಿ ಬಿಡಲಿಲ್ಲ?"

"ಬೇಡ ಅಂದ. ನೀನೂ ಹೇಳ್ಬೇಡ ಕಾಸಿಲ್ದಾ, ನನಗೆ ಹೀಗೇ ಅನುಕೂಲ ಅಂದ. ಯಾಕೆ ಅಂದೆ. ಹೇಳ್ಲಿಲ್ಲ."

ಅನುಕೂಲವಂತೆ. ಅಂಗಡಿ ಮಾರಿ ಊರು ಬಿಟ್ಟು ಹೋಗುವುದು ಯಾವ ಅನುಕೂಲ? ಅವಳನ್ನು ಉಳಿಸಲು ಸುಮ್ಮನಿದ್ದಾನೆ. ನನ್ನ ಹೆಂಡತಿಯ ಮರ್ಯಾದೆ ಉಳಿಸಲು ನನ್ನಿಂದ ಬೈಸಿಕೊಂಡಿದ್ದಾನೆ. ಇದನ್ನು ಯೋಚಿಸಿದರೆ ಊಟ ಸೇರುವುದಿಲ್ಲ.


೩ ಮಾರ್ಚ್, ಭಾನುವಾರ

ಊರಿಗೆ ಹೇಳಿಬಿಡುತ್ತೇನೆ, ಕ್ರಿಸಾಂತೊ ಅಲ್ಲ ಎಂದು, ಎಂದೆ ಅವಳಿಗೆ.

"ಮತ್ತೆ ಯಾರು ಅಂತಾರಲ್ಲ?"

"ನೀನು ಅಂತೀನಿ."

"ನನ್ನ ವೋಟಿನ ವಿಷಯ ನಾನು ಹೇಳ್ಬೇಕು. ನೀನಲ್ಲ."

"ಹಾಗಾದ್ರೆ ಹೇಳು."

"ಅವನು ಬೇಡ ಅಂದಿದಾನೆ. ಅವನು ಹೂಂ ಅಂದ ದಿನ ಹೇಳ್ತೀನಿ. ನೀನು ಹೋಗಿ ಅವನ ಹತ್ರ ಮಾತಾಡು ಮೊದ್ಲು."

ಹೋಗಲು ಕಾಲೇಳುವುದಿಲ್ಲ. ಎರಡು ಸಲ ಅಂಗಡಿಯ ಮೂಲೆಯವರೆಗೆ ಹೋಗಿ ತಿರುಗಿ ಬಂದೆ. ಆ ಗೋಡೆಯ ಮಾತು ನನ್ನ ಬಾಯಿಂದ ಬಂದದ್ದು. ಅದಕ್ಕೆ ಏನು ಹೇಳುವುದು? ತಪ್ಪಾಯಿತು ಎಂದು ನಾನು ಯಾರಿಗೂ ಹೇಳಿಲ್ಲ, ಹೇಗೆ ಶುರು ಮಾಡುತ್ತಾರೋ ಗೊತ್ತಿಲ್ಲ.


೧೬ ಮಾರ್ಚ್, ಶನಿವಾರ

ಇವತ್ತಿನದನ್ನು ನೆಟ್ಟಗೆ ಬರೆಯುತ್ತೇನೆ.

ಸಂಜೆ ಐದಕ್ಕೆ ಜನರ ಮನೆಯಲ್ಲಿ ಸಭೆ. ಹತ್ತೊಂಬತ್ತು ಜನ. ಏಪ್ರಿಲ್‌ಗೆ ಏಜೆಂಟ್ ಯಾರು, ಮುದುಕರನ್ನು ಕರೆತರಲು ಕಾರು ಯಾರದು, ಲಕೋಟೆ ಎಷ್ಟು, ಇದೇ. ನೋಯೆಲಿಯಾ ಮೇಜಿನ ಹಿಂದೆ, ನಾನು ನಡಾವಳಿ ಪುಸ್ತಕ ಹಿಡಿದು ಅವಳ ಪಕ್ಕ. ಹಿಲಾರಿಯೊ ಹಿಂದಿನಿಂದ, "ಈ ಸಲ ಹಸಿರಿಗೆ ಸೊನ್ನೆ ಅಂತ ಈಗಲೇ ಬರ್ಕೊಳ್ಳಿ ಮಾಮ. ಅವನು ಮಾರ್ಚ್ ಕೊನೆಗೇ ಗಂಟುಮೂಟೆ ಕಟ್ತಾನೆ" ಎಂದ. ಎಲ್ಲರೂ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ.

"ಆ ವೋಟು ಕ್ರಿಸಾಂತೊಂದಲ್ಲ. ನಂದು" ಎಂದೆ.

ಮೊದಲೇ ಯೋಚಿಸಿದ್ದಲ್ಲ. ಅವನನ್ನು ಬಿಡಿಸಬೇಕು, ಅವಳ ಹೆಸರು ಹೇಳಬಾರದು. ನಡುವೆ ಉಳಿದವನು ನಾನೊಬ್ಬ.

"ಮೆಲ್ಚೋರ್ ಮಾಮ, ಬಿ.ಪಿ. ಮಾತ್ರೆ ತಗೊಂಡ್ರಾ?" ಎಂದಳು ನೋಯೆಲಿಯಾ. ಮತ್ತೆ ನಗು. ನಾನು ಕೂರಲಿಲ್ಲ. ನಗು ಒಂದೊಂದೇ ಬಾಯಲ್ಲಿ ನಿಂತಿತು.

"ಯಾಕೆ?" ಎಂದು ಕೇಳಿದಳು ಕೊನೆಗೆ, ಸಣ್ಣ ದನಿಯಲ್ಲಿ.

"ಸಿಟ್ಟು ಬಂದಿತ್ತು."

ಅದನ್ನು ಎಲ್ಲರೂ ತಕ್ಷಣ ನಂಬಿದರು.

ಜನರ ಮನೆಯ ಬೀಗದಕೈಯನ್ನು ಮೇಜಿನ ಮೇಲಿಟ್ಟೆ. ನಲವತ್ತೊಂದು ವರ್ಷ ನನ್ನ ಪ್ಯಾಂಟಿನ ಜೇಬಿನಲ್ಲಿದ್ದದ್ದು, ಆ ಜೇಬು ಅದರ ಆಕಾರಕ್ಕೇ ಸವೆದಿದೆ. ಬಾಗಿಲಿಗೆ ಹೋಗುವಾಗ ಹಿಲಾರಿಯೊ ಕಾಲು ಹಿಂದಕ್ಕೆ ಎಳೆದುಕೊಂಡ, ನನ್ನ ಪ್ಯಾಂಟು ಅವನಿಗೆ ತಾಗಬಾರದೆಂಬ ಹಾಗೆ. ನಾಲ್ಕು ತಿಂಗಳ ಹಿಂದೆ ನಾನೂ ಹಾಗೇ ಎಳೆದುಕೊಳ್ಳುತ್ತಿದ್ದೆ.

ಮನೆಗೆ ಬಂದು ಕಾಸಿಲ್ದಾಗೆ ಏನೂ ಹೇಳಲಿಲ್ಲ. ತಲೆನೋವು ಎಂದೆ. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಅದನ್ನೂ ಬರೆಯುತ್ತೇನೆ, ಏಕೆಂದರೆ ಅಂದುಕೊಂಡೆ.


೧೭ ಮಾರ್ಚ್, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆ ಒಂಬತ್ತಕ್ಕೆ ಕ್ರಿಸಾಂತೊನ ಅಂಗಡಿಯ ಬಾಗಿಲು ತಟ್ಟಿದೆ. ಅರ್ಧ ಸಾಮಾನು ಪೆಟ್ಟಿಗೆ ಸೇರಿತ್ತು. ಕನ್ನಡಿ ಇನ್ನೂ ಗೋಡೆಯ ಮೇಲಿತ್ತು. ಕುರ್ಚಿಯಲ್ಲಿ ಕೂತೆ.

"ತಲೆ ಮಾಡು" ಎಂದೆ.

"ಭಾನುವಾರ ರಜಾ."

"ಕ್ರಿಸಾಂತೊ, ನಿನ್ನೆ ಹೇಳಿಬಿಟ್ಟೆ. ಅದು ನಂದು ಅಂತ."

"ಕೇಳ್ದೆ. ಹಿಲಾರಿಯೊ ರಾತ್ರಿನೇ ಓಡಿ ಬಂದಿದ್ದ, ಕ್ಷಮೆ ಕೇಳೋಕೆ. ಕೂದಲು ಕತ್ತರಿಸಿ ಅಂತ ಬೇರೆ." ನಕ್ಕ. "ನೀನು ಸುಳ್ಳು ಹೇಳಿದ್ದು ಇದೇ ಮೊದಲು. ಅದೂ ಎಂಥಾ ಸುಳ್ಳೋ, ಕತ್ತೆ."

"ಈಗ ಬೋರ್ಡು ತೆಗಿ. ಜನ ಬರ್ತಾರೆ. ಊರು ಬಿಡ್ಬೇಡ."

ಅವನು ಕೋಟಿನ ಜೇಬಿನಿಂದ ಬಲಗೈ ತೆಗೆದು ನನ್ನ ಮುಖದ ಮುಂದೆ ಹಿಡಿದ. ಕೈ ನಡುಗುತ್ತಿತ್ತು. ಚಳಿಗೆ ನಡುಗುವ ಹಾಗಲ್ಲ, ಯಾರೋ ಒಳಗಿನಿಂದ ಅಲ್ಲಾಡಿಸುತ್ತಿರುವ ಹಾಗೆ. ಇನ್ನೊಂದು ಕೈಯಲ್ಲಿ ಅದನ್ನು ಹಿಡಿದ, ಆಗಲೂ ನಿಲ್ಲಲಿಲ್ಲ.

"ಅಕ್ಟೋಬರ್‌ನಿಂದ. ಗ್ರನಾದಾದ ಡಾಕ್ಟರು ಇನ್ನು ಇದು ಹೀಗೇ ಅಂದ್ರು. ಅವತ್ತು ಆ ಚೀಟಿನ ಲಕೋಟೆಗೆ ತುರುಕೋಕೆ ನನಗೆ ಐದು ನಿಮಿಷ ಬೇಕಾಯ್ತು. ಗುಲಾಬಿ ಚೀಟಿ, ಮೆಲ್ಚೋರ್. ಊರಿನೋರ ಗಂಟಲ ಮೇಲೆ ಕತ್ತಿ ಆಡ್ಸೋನು, ಅವರೆದುರು ಹೀಗೆ ನಿಂತಿದ್ರೆ? ಅದಕ್ಕೆ ಪರದೆ ಎಳೆದೆ."

ನಾನು ಕುರ್ಚಿಯಿಂದ ಎದ್ದೆ.

"ಜನ ಬರೋದು ನಿಂತಿತಲ್ಲ, ನನಗೆ ಉಸಿರು ಬಂತು. ಕ್ಷೌರ ಯಾಕೆ ಮಾಡಲ್ಲ ಅಂತ ಯಾರಿಗೂ ಹೇಳೋ ಹಾಗಿರಲಿಲ್ಲ. ಕೈ ಹೋದೋನು ಅನ್ನಿಸ್ಕೊಳ್ಳೋದಕ್ಕಿಂತ ಹಸಿರಿನೋನು ಅನ್ನಿಸ್ಕೊಳ್ಳೋದೇ ಮೇಲು ಅಂತ ಸುಮ್ಮನಿದ್ದೆ. ಈಗ ನೋಡು, ನಾಳೆ ಹತ್ತು ಜನ ಬಂದು ಈ ಕುರ್ಚೀಲಿ ಕೂರ್ತಾರೆ, ನಿನ್ನ ದೆಸೆಯಿಂದ."

"ನಾನು ಹಾಗೆ ಅಂದಾಗ ನೀನು..."

"ಊರು ನಂಬಿದ್ದಕ್ಕೆ ನನಗೆ ಏನೂ ಅನ್ನಿಸ್ಲಿಲ್ಲ. ಆದ್ರೆ ನೀನೂ ನಂಬಿದ್ಯಲ್ಲ." ಕೈಯನ್ನು ಜೇಬಿಗೆ ಹಾಕಿಕೊಂಡ. "ಹೋಗು, ಪೆಟ್ಟಿಗೆ ಕಟ್ಬೇಕು."

ತಪ್ಪಾಯಿತು ಎಂದೆ. ಅಷ್ಟೇನೂ ಕಷ್ಟವಾಗಲಿಲ್ಲ. ಉಪಯೋಗವೂ ಆಗಲಿಲ್ಲ. ಪೆಟ್ಟಿಗೆಗಳಿಗೆ ಹಗ್ಗ ನಾನು ಕಟ್ಟಿದೆ, ಅವನು ಬೇಡ ಎನ್ನಲಿಲ್ಲ. ಗಂಟು ಹಾಕುವುದು ಅವನಿಂದ ಆಗುತ್ತಿರಲಿಲ್ಲ.

ಮನೆಗೆ ಬಂದರೆ ಕಾಸಿಲ್ದಾ ಅಡುಗೆಮನೆಯ ನಡುವೆ ನಿಂತಿದ್ದಳು. ಚರ್ಚಿನ ಮೆಟ್ಟಿಲ ಹತ್ತಿರ ಯಾರೋ ಹೇಳಿದ್ದಾರೆ. ಪಾಪ ನಿಮ್ಮ ಯಜಮಾನರಿಗೆ ತಲೆ ಕೆಟ್ಟಿದೆ ಎಂದು ಸಮಾಧಾನ ಬೇರೆ ಮಾಡಿದ್ದಾರೆ.

ಅವಳು ಮೆಚ್ಚುತ್ತಾಳೆ ಎಂದುಕೊಂಡಿದ್ದೆ.

"ನಿನ್ನ ಹೆಸರು ಹೇಳ್ಲಿಲ್ಲ. ನಿನ್ನ ಉಳಿಸ್ದೆ" ಎಂದೆ.

"ಉಳಿಸಿದ್ಯಾ?" ಅವಳು ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಿತ್ತು. "ನನ್ನ ಹೆಸರಲ್ಲಿ ನೀನು ಎಷ್ಟು ಸಲ ವೋಟು ಹಾಕಿದೀಯ, ಲೆಕ್ಕ ಇದೆಯಾ ನಿನಗೆ? ನನ್ನ ಇಡೀ ಜೀವಮಾನದಲ್ಲಿ ನಾನು ಹಾಕಿದ್ದು ಒಂದು. ಒಂದೇ ಒಂದು. ಕೆಟ್ಟದೋ ಒಳ್ಳೇದೋ, ಅದು ನಂದಾಗಿತ್ತು. ಅದನ್ನೂ ಹೋಗಿ ನಿಂದು ಅಂತ ಹೇಳ್ಬಂದೆ."

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ.  

ಅವಳು ಕೋಟು ಹಾಕಿಕೊಂಡಳು. ಹನ್ನೆರಡಕ್ಕೆ ನೋಯೆಲಿಯಾ ತುರ್ತು ಸಭೆ ಕರೆದಿದ್ದಾಳೆ, ನನ್ನನ್ನು ಪಕ್ಷದಿಂದ ತೆಗೆಯಬೇಕೇ ಎಂದು ತೀರ್ಮಾನಿಸಲು. ನಾನೂ ಬರುತ್ತೇನೆ ಎಂದೆ.

"ಕೂತ್ಕೊ" ಎಂದಳು.

ಕೂತೆ.

"ಏನು ಹೇಳ್ತೀಯ ಅಲ್ಲಿ? ಕ್ರಿಸಾಂತೊ ಕೈ ವಿಷಯ..." ಎಂದೆ. ಅವಳಿಗೆ ಆ ಕೈಯ ವಿಷಯ ಗೊತ್ತೇ ಇಲ್ಲ, ಈಗ ನನ್ನ ಬಾಯಿಂದ ಅರ್ಧ ಬಂದುಬಿಟ್ಟಿತ್ತು. ಅವಳು ಗುಂಡಿ ಹಾಕಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಪೂರ್ತಿ ಹೇಳಿದೆ. ಕೇಳಿ ಕಣ್ಣು ಒರೆಸಿಕೊಂಡು, "ಅದು ಅವನ ವಿಷಯ. ಅದನ್ನ ನಾನು ಅಲ್ಲಿ ಎತ್ತಲ್ಲ. ನೀನೂ ಇನ್ನೊಬ್ಬರಿಗೆ ಎತ್ಬೇಡ" ಎಂದಳು.

"ಮತ್ತೆ ಏನು ಹೇಳ್ತೀಯ?"

ಬಾಗಿಲು ಹಾಕಿಕೊಂಡು ಹೋದಳು.

ಈ ಕಿಟಕಿಯಿಂದ ಚೌಕ ಪೂರ್ತಿ ಕಾಣುತ್ತದೆ. ಅವಳು ಮಧ್ಯದಲ್ಲೇ ನಡೆದಳು, ಗೋಡೆಯ ನೆರಳಿನಲ್ಲಲ್ಲ. ಜನರ ಮನೆಯ ಮುಂದೆ ನಿಂತಿದ್ದ ಇಬ್ಬರು ದಾರಿ ಬಿಟ್ಟರು. ಬಾಗಿಲು ತಳ್ಳಿ ಒಳಗೆ ಹೋದಳು. ಒಳಗಿನ ಗಲಾಟೆ ಇಲ್ಲಿಯವರೆಗೂ ಕೇಳುತ್ತಿತ್ತು, ಈಗ ನಿಂತಿದೆ.

ಏನು ಹೇಳುತ್ತಿದ್ದಾಳೆಂದು ನನಗೆ ಗೊತ್ತಿಲ್ಲ. ಈ ಊರಿನ ನೂರ ಎಂಬತ್ತಾರು ಜನರಲ್ಲಿ ಯಾರು ಏನು ಹೇಳುತ್ತಾರೆಂದು ಬಾಯಿ ತೆರೆಯುವ ಮೊದಲೇ ಹೇಳುತ್ತಿದ್ದವನು ನಾನು. ಕಿಟಕಿ ತೆರೆದಿಟ್ಟು ಕೂತಿದ್ದೇನೆ. ಏನೂ ಕೇಳಿಸುತ್ತಿಲ್ಲ. ಎಲ್ಲರೂ ಸುಮ್ಮನೆ ಕೂತು ಅವಳ ಮಾತು ಕೇಳುತ್ತಿರಬೇಕು.